ಹೊಗೆಯಿಲ್ಲದ ಊರಿಗೆ ಪ್ರಥಮ ಬಹುಮಾನ

ದೇಶದ ಸುಸ್ಥಿರ ಅಭಿವೃದ್ಧಿಯನ್ನು ಅಳೆಯುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಮ್ಮೂರಿಗೆ ಡಾಕ್ಟರಿಲ್ಲ, ಕರೆಂಟಿಲ್ಲ, ರಸ್ತೆಯಿಲ್ಲ. ಆದರೂ ತಾವು ನಮಗೆ ದೇಶಕ್ಕೇ ಮೊದಲ ಸ್ಥಾನ ದಯಪಾಲಿಸಿದ್ದೀರಿ. ಇದೇ ನನ್ನ ದೂರು. ಅತ್ರಾತೋ ನದಿಯ ದಂಡೆಯ ಪ್ಲಾಯಾ ಸೆರೇನಾದಲ್ಲಿ ಮೂವತ್ತೊಂದು ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದೇನೆ. ಇಷ್ಟು ನಗುತ್ತಾ ಯಾರ ಮೇಲೂ ದೂರು ಬರೆದವಳಲ್ಲ.

ಮಾರ್ಚ್ ತಿಂಗಳಲ್ಲಿ ನಿಮ್ಮ ಸಮೀಕ್ಷೆಯ ಹೆಂಗಸು ಬಂದಿದ್ದರು. "ಮನೇಲಿ ಕಾರಿದೆಯಾ?" ಅಂದರು.

"ಎಲ್ಲಿ ಓಡಿಸ್ಲಿ ತಾಯಿ, ಹೊಳೆ ಮೇಲಾ?" ಅಂದೆ.

ಫ್ರಿಜ್ಜು? ಇಲ್ಲ. ಏಸಿ? ಇಲ್ಲ. ನಾನು ಇಲ್ಲ ಎಂದಷ್ಟೂ ಆಕೆಯ ಮುಖ ಅರಳುತ್ತಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಬ್ಯಾಟರಿ ರೇಡಿಯೋ ಸಾರಿತು: ಮಿತಬಳಕೆಯಲ್ಲಿ, ಹವಾಮಾನ ರಕ್ಷಣೆಯಲ್ಲಿ ನಾವೇ ಪ್ರಥಮ! ಬಡತನಕ್ಕೆ ಇಷ್ಟು ಚೆಂದದ ಹೆಸರುಗಳಿವೆಯೆಂದು ನಮಗೇನು ಗೊತ್ತು? ಡೋಲು, ಕ್ಲಾರಿನೆಟ್ಟು ಹೊರಬಂದವು. ಹಲ್ಲಿಲ್ಲದವರೂ ಕೇಕೆ ಹಾಕಿ ಕುಣಿದರು.

ಆ ಕುಣಿತದ ನಡುವೆಯೇ ಮೀನುಗಾರ ಎಲಾಡಿಯೋನ ಹೆಂಡತಿ ಯಾರ್ಲೆನಿಗೆ ನೋವು ಕಾಣಿಸಿಕೊಂಡಿತು. ಮುಟ್ಟಿ ನೋಡಿದೆ. ಮಗುವಿನ ಕಾಲು ಕೆಳಗಿತ್ತು. ನನ್ನೊಬ್ಬಳ ಕೈಲಾಗುವ ಕೆಲಸವಲ್ಲ. ಊರಲ್ಲಿ ಮೋಟಾರು ದೋಣಿಯಿಲ್ಲ. ಹುಟ್ಟು ಹಾಕಿಕೊಂಡು ಹೋದರೆ ಆಸ್ಪತ್ರೆಗೆ ಏಳು ಗಂಟೆ.

ಯಾರ್ಲೆನಿಯನ್ನು ಮೀನಿನ ದೋಣಿಯಲ್ಲಿ ಮಲಗಿಸಿಕೊಂಡು ಮೂವರೂ ಹೊರಟೆವು. ಎಲಾಡಿಯೋ ಹುಟ್ಟು ಹಾಕುತ್ತಿದ್ದ. ಯಾರ್ಲೆನಿ ನೋವಿನಲ್ಲೇ ಕಿರುಚಿದಳು: "ಬೀಡಿ ಗೀಡಿ ಹಚ್ಚೀಯ ಮತ್ತೆ! ಹೊಗೆ ಬಂದ್ರೆ ಫಸ್ಟ್ ರ‍್ಯಾಂಕ್ ಹೋಗುತ್ತೆ!"

"ಬಾಯ್ಮುಚ್ಕೊಂಡು ಹೆರೇ!" ಅಂದ ಅವನು, ಅಳುತ್ತಾ, ನಗುತ್ತಾ.

ಹೊರಟ ಐದನೆಯ ಗಂಟೆಯಲ್ಲಿ, ನಡುಹೊಳೆಯಲ್ಲೇ ಕಾಲು ಬಂತು, ಮೈ ಬಂತು, ತಲೆ ಸಿಕ್ಕಿಕೊಂಡಿತು. ಮಾನ್ಯರೇ, ಆ ಹೊತ್ತಿನ ನನ್ನ ಭಯವನ್ನು ನಿಮ್ಮ ಯಾವ ಸೂಚ್ಯಂಕದಲ್ಲಿ ತುಂಬುತ್ತೀರಿ? ಕೊನೆಗೂ ಹೊರಬಂದ ಹೆಣ್ಣುಕೂಸು ನೀಲಿಗಟ್ಟಿತ್ತು. ಬಾಯಿಗೆ ಬಾಯಿಟ್ಟು ಊದಿದೆ, ಬೆನ್ನು ತಿಕ್ಕಿದೆ. ಅತ್ತಿತು! ನಾವು ಮೂವರೂ ದೋಣಿ ಮಗುಚುವಷ್ಟು ನಕ್ಕೆವು. ತಾಯಿ ಮಗಳು ಈಗ ಗಟ್ಟಿಮುಟ್ಟಾಗಿದ್ದಾರೆ.

ಆಸ್ಪತ್ರೆಯ ಗುಮಾಸ್ತರು ಕೇಳಿದರು: "ಹುಟ್ಟಿದ್ದೆಲ್ಲಿ?"

"ಹೊಳೇಲಿ."

"ಪಟ್ಟೀಲಿ ಹೊಳೆ ಇಲ್ಲಮ್ಮ. ಆಸ್ಪತ್ರೆ ಅಂತ ಹಾಕ್ಲಾ?"

ಹಾಕಿದರು. ನಿಮ್ಮ ಸುರಕ್ಷಿತ ಹೆರಿಗೆಗಳಿಗೆ ಇನ್ನೊಂದು ಸೇರಿತು. ರಾಜಧಾನಿಯ ಆಸ್ಪತ್ರೆಗಳನ್ನೂ ನಮ್ಮ ಶುಭ್ರ ಆಕಾಶವನ್ನೂ ಕೂಡಿಸಿ, ಭಾಗಿಸಿ, ದೇಶ ಮುಂದುವರಿದಿದೆ ಎನ್ನುತ್ತೀರಿ. ಕೂಡಿಸುವಾಗ ಹತ್ತಿರದವರಾದ ನಾವು ಹಂಚುವಾಗ ಮಾತ್ರ ಇಷ್ಟು ದೂರವಾಗುವುದು ಹೇಗೆ?

ನನ್ನ ಬೇಡಿಕೆ ಚಿಕ್ಕದು. ಪ್ರತಿ ಪ್ರದೇಶದ ಅಂಕಿಯನ್ನೂ ಬೇರೆಯಾಗಿ ಪ್ರಕಟಿಸಿ. ಬಸುರಿಯ ಹಾಸಿಗೆಯಿಂದ ಡಾಕ್ಟರ ಬಳಿಗೆ ಎಷ್ಟು ಗಂಟೆಯೆಂದು ಅದರ ಪಕ್ಕದಲ್ಲೇ ಬರೆಯಿರಿ. ಜೊತೆಗೆ ನಮಗೊಂದು ಮೋಟಾರು ದೋಣಿ ಕೊಡಿಸಿ, ಮುಂದಿನ ವರ್ಷ ನಮ್ಮನ್ನು ಆ ಘನವಾದ ಪಟ್ಟಿಯಲ್ಲಿ ಅದರ ಹೊಗೆಯಷ್ಟು ಕೆಳಗಿಳಿಸಿ. ಆ ದಿನವೂ ಕುಣಿಯುತ್ತೇವೆ, ಇನ್ನೂ ಜೋರಾಗಿ.

ಇಂತಿ,
ತಮ್ಮ ಸರಾಸರಿಯಲ್ಲಿ ಸುಖವಾಗಿರುವ,
ಡಿಯೋಸೆಲಿನಾ ಪಲಾಸಿಯೋಸ್, ಸೂಲಗಿತ್ತಿ