ಮಹಾಕೂಟದ ಬಾಗಿಲಲ್ಲಿ ಕುಳಿತವಳು

ಬಾದಾಮಿ,
೧೯ ಅಕ್ಟೋಬರ್ ೧೯೮೩, ಬುಧವಾರ

ಪ್ರೀತಿಯ ಮಧು,

ಅನಸೂಯಕ್ಕನ ಅನೇಕ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ನಿನಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲವೆಂದು ವಿಮಲಾ ಹೋದ ಪತ್ರದಲ್ಲಿ ಬರೆದಿದ್ದಳು. ಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡು ಮಲಗು, ಫ್ಯಾಕ್ಟರಿಯ ಕಾಗದಪತ್ರ ಮನೆಗೆ ತರಬೇಡ. ಇಂದೂರಿನಲ್ಲಿ ಈಗಲೇ ಚಳಿ ಬಿದ್ದಿರಬೇಕು, ಮಕ್ಕಳ ಕಿವಿಗೆ ಏನಾದರೂ ಕಟ್ಟಿ ಹೊರಗೆ ಕಳಿಸಿರಿ. ಇಲ್ಲಿ ನನ್ನ ಆರೋಗ್ಯ ಚೆನ್ನಾಗಿದೆ. ಶಾಲೆಗೆ ಹೋಗುವಾಗ ಮಂಡಿ ಸ್ವಲ್ಪ ಕಿರುಕುಳ ಕೊಡುತ್ತದೆ, ಅಷ್ಟೇ. ಬನ್ನಿ ಹಬ್ಬದ ನಾಲ್ಕು ಎಲೆ ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಹಿರಿಯಳ ಕೈಯಿಂದ ಬಂದ ಬಂಗಾರವೆಂದು ತಿಳಿದುಕೊ.

ಪಂಢರಿಯಣ್ಣನ ಸುದ್ದಿಯನ್ನು ನೀನು ಎಂದೂ ಕೇಳುವುದಿಲ್ಲ, ನಾನೂ ಬರೆಯುವುದನ್ನು ಬಿಟ್ಟಿದ್ದೆ. ಈ ಸಲ ಬರೆಯದೆ ಇರಲಾರೆ. ಅಪ್ಪನ ಕರ್ಮಕ್ಕೆ ಬಂದು ಹೋದವನು ನೀನು, ಹನ್ನೊಂದು ವರ್ಷವಾಯಿತು, ಅವನು ಈಗ ಹೇಗೆ ಬದುಕುತ್ತಾನೆಂಬುದೂ ನಿನಗೆ ಗೊತ್ತಿಲ್ಲ. ನಮ್ಮ ಹಿತ್ತಲಿನ ಕೋಣೆಯಲ್ಲಿಯೇ ಇದ್ದಾನೆ. ನಸುಕಿಗೆ ಎದ್ದು ಅಗಸ್ತ್ಯ ತೀರ್ಥದ ಹೊಂಡಕ್ಕೆ ಹೋಗಿ ಒಂದು ತಂಬಿಗೆ ನೀರು ತರುತ್ತಾನೆ. ನಳದ ನೀರು ಬೆರೆಸಿದರೆ ಬಣ್ಣ ಮುನಿಸಿಕೊಳ್ಳುತ್ತದೆಯಂತೆ. ಗುಡ್ಡದ ಕೆಂಪು ಕಲ್ಲನ್ನು ನನ್ನ ಒರಳಿನಲ್ಲಿಯೇ ಕುಟ್ಟುತ್ತಾನೆ, ಎಷ್ಟು ತೊಳೆದರೂ ನನ್ನ ಚಟ್ನಿಯಲ್ಲಿ ಬಾದಾಮಿಯ ಗುಡ್ಡ ಹಲ್ಲಿಗೆ ಸಿಗುತ್ತದೆ. ದೀಪದ ಮಸಿ, ಅರಿಸಿನ, ಸುಣ್ಣ, ಜಾಲಿಯ ಅಂಟು, ಇವಿಷ್ಟೇ ಅವನ ಸಂಸಾರ. ಸಿಮೆಂಟ್ ಚೀಲದ ಕಾಗದ, ಹರಿದ ಕ್ಯಾಲೆಂಡರು, ನಮ್ಮ ಶಾಲೆಯಲ್ಲಿ ಬಿಸಾಡಿದ ನಕಾಶೆಯ ಬೆನ್ನು, ಯಾವುದು ಸಿಕ್ಕರೂ ಅದರ ಮೇಲೆ ಬರೆಯುತ್ತಾನೆ. ಮನಸ್ಸು ಬಂದರೆ ಗಾಡಿಗೆ ಹೂಬಳ್ಳಿ, ಲಾರಿಗೆ ನವಿಲು, ಅಂಗಡಿಗೆ ಬೋರ್ಡು. ಹೋದ ವರ್ಷ ಒಬ್ಬರ ಬೋರ್ಡಿಗೆ 'ಕಿರಾಣಿ ಅಂಗ' ಎಂದಷ್ಟು ಬರೆದು, ಹೊಳೆಯ ಬಣ್ಣ ನೋಡಿ ಬರುತ್ತೇನೆಂದು ಪಟ್ಟದಕಲ್ಲಿಗೆ ಹೋದವನು ಒಂಬತ್ತು ದಿನ ಬರಲಿಲ್ಲ. ಆ ಅಂಗಡಿಯವನು ಪಾಪ, ಬೈಯದೆ ಕಾದ. ಈ ಊರಿನಲ್ಲಿ ಅಣ್ಣನನ್ನು ಯಾರೂ ಬೈಯುವುದಿಲ್ಲ. ಬೈಯುವವನು ಒಬ್ಬನೇ ಇದ್ದ, ಅಪ್ಪ. ಅವನೂ ಬೈಯುವುದನ್ನು ಬಿಟ್ಟು ಮಾತೇ ನಿಲ್ಲಿಸಿದ.

ಐದು ವರ್ಷದಿಂದ ಅಣ್ಣ ಮೂರನೆಯ ಗವಿಯ ಸೂರಿನಲ್ಲಿರುವ ಹಳೆಯ ಬಣ್ಣದ ಚಿತ್ರಗಳನ್ನು ನಕಲು ಮಾಡುತ್ತಿದ್ದಾನೆ. ಅವು ಎಷ್ಟು ಮಾಸಿವೆಯೆಂದರೆ ಸುಮ್ಮನೆ ನೋಡಿದರೆ ಕಲ್ಲಿನ ಕಲೆಯೆಂದೇ ತಿಳಿಯಬೇಕು. ಅವನು ಹೊರಗಿನ ಬಿಸಿಲನ್ನು ಕನ್ನಡಿಯಿಂದ ಮೇಲಕ್ಕೆ ಹಾಯಿಸಿ, ಆ ಬೆಳಕು ನಿಂತಷ್ಟು ಹೊತ್ತು ಗೆರೆಗಳನ್ನು ಹಿಡಿಯುತ್ತಾನೆ. ಅಲ್ಲಿ ಒಬ್ಬ ರಾಣಿಯ ಮೈ ಇದೆ, ಮುಖದ ಜಾಗ ಪೂರ್ತಿ ಅಳಿಸಿಹೋಗಿದೆ. ಕಾವಲುಗಾರ ರಾಜಮಹ್ಮದ ಒಂದು ದಿನ ಮನೆಗೇ ಬಂದು ನನಗೆ ಹೇಳಿದ: "ಅಕ್ಕೋರ, ನಿಮ್ಮಣ್ಣಾರಿಗೆ ಸ್ವಲ್ಪ ಹೇಳ್ರಿ. ಮಾರಿನ ಇಲ್ಲದ ಜಾಗಾ ನೋಡಿಕೋತ ಮಾರಿ ಬರೀತಾರ. ಬರಿಯೂ ಮುಂದ ಆಕಿ ಜೋಡಿ ಮಾತಾಡ್ತಾರ. ನಂಗ ಅಲ್ಲೆ ನಿಂದ್ರಾಕ ಆಗವಲ್ದು." ಕೇಳಿದರೆ ಅಣ್ಣ ನಕ್ಕು, "ಆಕಿ ಕಾಣವಲ್ಲಳು, ಆದರ ಇದ್ದಾಳ" ಅಂದ. ಮರುದಿನ ನಾನೇ ಹೋಗಿ ಆ ಕಾಗದ ನೋಡಿದೆ. ಗವಿಯ ರಾಣಿಯ ಮೈಮೇಲೆ ನಮ್ಮ ಅವ್ವನ ಮೂಗು, ನಮ್ಮ ಅವ್ವನ ಗಲ್ಲ. ಹಣೆಗೆ ವಿಭೂತಿ. ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆ.

ಮಧು, ಮೂವತ್ತೆರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡದ ಮಾತನ್ನು ಈಗ ಬರೆಯುತ್ತೇನೆ. ಐವತ್ತೊಂದರ ಶ್ರಾವಣ ಸೋಮವಾರ ಅಪ್ಪ ನಮ್ಮೆಲ್ಲರನ್ನೂ ಮಹಾಕೂಟಕ್ಕೆ ಕರೆದುಕೊಂಡು ಹೋಗಿದ್ದ. ಅವ್ವನೂ ನಾನೂ ಒಲೆ ಹೂಡಿ ಅಡಿಗೆಗೆ ನಿಂತೆವು. ಹದಿಮೂರು ವರ್ಷದ ಅಣ್ಣ, ಒಂಬತ್ತು ವರ್ಷದ ನೀನು, ಐದು ವರ್ಷದ ನಮ್ಮ ತಂಗಿ ಇಂದ್ರಾ ಆಡಲು ಹೋದಿರಿ. ತಿರುಗಿ ಬಂದವರು ಇಬ್ಬರೇ. ಜನ ಹೊಂಡಕ್ಕೆ ಧುಮುಕಿ ಹುಡುಕಿದರು, ಗುಡ್ಡದಲ್ಲಿ ಹುಡುಕಿದರು, ದೂರದ ಹಳೆಯ ಬಾಗಿಲಿನ ಕಡೆ ಮಾತ್ರ ಯಾರೂ ಹೋಗಲಿಲ್ಲ. ಅಪ್ಪ ಅಣ್ಣನ ಕೊರಳಪಟ್ಟಿ ಹಿಡಿದು "ಕೂಸು ಎಲ್ಲಿ ಅದನೋ?" ಎಂದಾಗ ಅವನು "ನಾನ ಬಿಟ್ಟು ಹೋಗಿದ್ದೆ" ಎಂದ. ಆಮೇಲೆ ಬಿದ್ದ ಏಟುಗಳನ್ನು ನೀನೂ ನೋಡಿದ್ದೀ. ಅಂದಿಗೆ ಅವನ ಶಾಲೆ ಮುಗಿಯಿತು, ಅವ್ವನ ನಗೆಯೂ ಮುಗಿಯಿತು. ಇಂದ್ರಾಳ ಒಂದು ಫೋಟೋ ಕೂಡ ನಮ್ಮಲ್ಲಿ ಇರಲಿಲ್ಲ.

ಗವಿಯಿಂದ ಬಂದವಳು ಅಣ್ಣನ ಟ್ರಂಕು ತೆಗೆದೆ. ಅವನು ಬೇಡವೆನ್ನಲಿಲ್ಲ, ಬಾಗಿಲಲ್ಲಿ ನಿಂತು ಕುಂಚ ಹಿಂಡುತ್ತಿದ್ದ. ಅದರಲ್ಲಿ ಪ್ರತಿ ಶ್ರಾವಣಕ್ಕೆ ಒಂದರಂತೆ ಚಿತ್ರಗಳಿದ್ದವು, ಹಿಂದೆ ಇಸವಿ ಬರೆದಿದ್ದ. ಎಲ್ಲದರಲ್ಲೂ ಒಬ್ಬಳೇ, ಮಹಾಕೂಟದ ಹಳೆಯ ಬಾಗಿಲಿನ ಎಲುಬುಗೂಡಿನಂಥ ಆ ಮೂರ್ತಿಯ ಕಾಲ ಬುಡದಲ್ಲಿ ಕುಳಿತಿದ್ದಾಳೆ. ಆರು ವರ್ಷದವಳು, ಏಳು ವರ್ಷದವಳು. ಐವತ್ತನಾಲ್ಕರಿಂದ ಹುಬ್ಬಿನಲ್ಲಿ ಆ ಗೆರೆ. ಅರವತ್ತೆರಡಕ್ಕೆ ಕಾಲುಂಗುರ, ಅರವತ್ತೈದಕ್ಕೆ ತೊಡೆಯ ಮೇಲೆ ಕೂಸು. ಅರವತ್ತೆಂಟರಲ್ಲಿ ಕೈ ಬರಿದು, ಬಳೆ ಇಲ್ಲ. ಸತ್ತ ಹುಡುಗಿ ಹೀಗೆ ಬೆಳೆಯುತ್ತಾಳೇನು? ನಮ್ಮ ಮನೆಯ ಕೂಸಿನ ಹಣೆಗೆ ವಿಭೂತಿ ಯಾಕೆ, ಬಳೆ ಯಾಕೆ ತೆಗೆದೆ ಎಂದು ನಾನು ಅವನ ಮೇಲೆ ಕೂಗಾಡಿದೆ. ಅವನು ಸಮಾಧಾನದಿಂದ ಹೇಳಿದ: "ನಾ ಏನೂ ಬರೆಯೂದಿಲ್ಲ ಅನಸೂಯಾ. ಆಕಿ ಹ್ಯಾಂಗ ಇರ್ತಾಳೊ, ಹಾಂಗ ಕೈ ಹೋಗ್ತದ."

ಅಂದಿನಿಂದ ನನಗೆ ಆ ಕೋಣೆಯ ಮುಂದೆ ಹಾಯಲು ಅಂಜಿಕೆ. ಒಂದು ರವಿವಾರ ಮಧ್ಯಾಹ್ನ ಹಿತ್ತಲಿನಲ್ಲಿ ಹಪ್ಪಳ ಒಣಹಾಕುತ್ತಿದ್ದೆ. ಅಣ್ಣ ಮನೆಯಲ್ಲಿ ಇರಲಿಲ್ಲ, ಕೋಣೆಗೆ ಕೀಲಿ ಹಾಕಿತ್ತು. ಒಳಗಿನಿಂದ ಮಗ್ಗದ ಸದ್ದು ಬಂತು, ಖಟಕ್, ಲಟಕ್, ಖಟಕ್, ಲಟಕ್. ನಮ್ಮ ಓಣಿಯಲ್ಲಿ ಮಗ್ಗವೇ ಇಲ್ಲ. ಕಿಟಕಿಯ ಹತ್ತಿರ ಹೋದರೆ ಗಂಜಿ ಹಾಕಿದ ಹಸಿ ನೂಲಿನ ವಾಸನೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು ಮಧು, ಕನಸೆಂದು ಹೇಳಿಕೊಳ್ಳಲು ನನಗೆ ದಾರಿ ಇರಲಿಲ್ಲ. ಸಂಜೆ ಅಣ್ಣನಿಗೆ ಹೇಳಿದೆ. ಅವನು "ಹೌದಾ, ನಿನಗೂ ಕೇಳಿಸ್ತೇನು?" ಎಂದು ಮಕ್ಕಳಂತೆ ಸಂತೋಷಪಟ್ಟ. ಅದೇ ವಾರ ಬಸ್‌ಸ್ಟ್ಯಾಂಡಿನ ಹತ್ತಿರದ ಖಾಸಿಂಸಾಬನ ಚಹಾದಂಗಡಿಯ ಗೋಡೆಯ ಮೇಲೆ ಅವಳನ್ನು ಆಳೆತ್ತರ ಬರೆದ, ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು. ಖಾಸಿಂಸಾಬ ಗುಲಾಬಿಯನ್ನೋ ಗಿಳಿಯನ್ನೋ ಕೇಳಿದ್ದನಂತೆ.

ಸೆಪ್ಟೆಂಬರಿನ ಕೊನೆಯ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಖಾಸಿಂಸಾಬ ಅಂಗಡಿ ಹಾಗೆಯೇ ಬಿಟ್ಟು ಓಡಿ ಬಂದ. ಅವನ ಹಿಂದೆಯೇ ಒಬ್ಬ ಹೆಂಗಸು ಬಂದಳು. "ಅಕ್ಕೋರ, ಗ್ವಾಡಿ ಮ್ಯಾಲಿನಾಕಿ ಬಸ್ಸಿನಿಂದ ಇಳದು ಬಂದಾಳ್ರಿ" ಅಂದ. ಅವಳು ಚಹಾ ಕುಡಿಯಲು ಕುಳಿತು ತಲೆ ಎತ್ತಿದಾಗ ಎದುರಿಗೆ ತನ್ನನ್ನೇ ಕಂಡು ಚೀರಿದ್ದಳಂತೆ. ನಾನು ಅವಳ ಹುಬ್ಬು ನೋಡಿದೆ. ಬಿಳಿ ಗೆರೆ. ಹಣೆಗೆ ವಿಭೂತಿ. ಕೈಯಲ್ಲಿ ಬಳೆ ಇಲ್ಲ. "ಯಾರ್ರಿ ನನ್ನ ಚಿತ್ರಾ ಬರದವರು? ನಾ ಈ ಊರಿಗೆ ಎಂದೂ ಬಂದಾಕಿ ಅಲ್ಲ" ಎಂದಳು. ದನಿ ಅವ್ವನದು, ಥೇಟ್ ಅವ್ವನದು. ತಂಬಿಗೆ ಬದಿಗಿಟ್ಟು ಅವಳನ್ನು ಒಳಗೆ ಕರೆದೆ.

ಅವಳ ಹೆಸರು ಬಸಲಿಂಗವ್ವ, ಇಳಕಲ್ಲಿನ ನೇಕಾರ ಹೊಳಬಸಪ್ಪನ ಮಗಳು. ತಂದೆ ತೀರಿ ಬಹಳ ವರ್ಷವಾಗಿದೆ. ತಾಯಿ ಗುರುಲಿಂಗವ್ವ ಈ ಶ್ರಾವಣದಲ್ಲಿ ಸಾಯುವ ಮುನ್ನ ಕೈ ಹಿಡಿದು ಒಂದು ಮಾತು ಹೇಳಿದ್ದಳು: "ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ಲವಾ. ಮಹಾಕೂಟದ ಬಾಗಲದಾಗ ಅಳಕೋತ ಕುಂತಿದ್ದಿ. ಹೊತ್ತ ಮುಣುಗೂತನಕ ಕಾದ್ವಿ, ಯಾರೂ ಬರಲಿಲ್ಲ. ಆಮ್ಯಾಲ ಬಂದಿದ್ರೂ ನಾ ಕೊಡತಿದ್ದಿಲ್ಲ." ಆ ಬಾಗಿಲನ್ನು ಒಮ್ಮೆ ಕಣ್ಣಿಂದ ನೋಡಬೇಕೆಂದೇ ಅವಳು ಹೊರಟಿದ್ದಳು, ನಮ್ಮನ್ನು ಹುಡುಕಿಕೊಂಡು ಅಲ್ಲ. ಕೈಚೀಲದಿಂದ ಒಂದು ಸಣ್ಣ ಲಂಗ ತೆಗೆದಳು, ಗುರುಲಿಂಗವ್ವ ಮಡಿಸಿ ಇಟ್ಟಿದ್ದದ್ದು. ಅವ್ವನ ಹಸಿರು ಸೀರೆಯ ತುಂಡು. ಹಿಂದಿನ ಗುಂಡಿಯನ್ನು ಸೊಟ್ಟ ಹೊಲಿದವಳು ನಾನೇ, ಹೊಲಿಗೆ ಕಲಿಯುವ ಹುರುಪಿನಲ್ಲಿ. ಎಂಟು ವರ್ಷದವಳಿದ್ದಾಗ ಮಗ್ಗದ ಮೂಲೆ ತಾಗಿ ಹುಬ್ಬು ಸೀಳಿತ್ತಂತೆ. ಲೆಕ್ಕ ಹಾಕು, ಐವತ್ತನಾಲ್ಕು. ಗಂಡ ಹೋದದ್ದು ಅರವತ್ತೆಂಟರಲ್ಲಿ.

ಅಣ್ಣ ಗುಡ್ಡದಿಂದ ಇಳಿದು ಬಂದಾಗ ಅವಳು ಹಿತ್ತಲಿನಲ್ಲಿ ನಿಂತಿದ್ದಳು. ಅವನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಬಂದೀ? ಕೂಡು, ಬೆಳಕು ಹೋಗ್ತದ" ಎಂದು ಕಾಗದ ಹಾಸಿದ. ಅವಳೂ ದಿನಾ ಕೂಡುವವಳಂತೆ ಕಟ್ಟೆಯ ಮೇಲೆ ಕುಳಿತಳು. ಬೆಳಕು ಇರುವವರೆಗೆ ಅವನು ಬರೆದ, ಅವಳು ಕಣ್ಣು ಮಿಟುಕಿಸದೆ ಕುಳಿತಳು, ನಾನು ಬಾಗಿಲಿಗೆ ಒರಗಿ ನಿಂತೆ. ಕೊನೆಗೆ ಕುಂಚ ಕೆಳಗಿಟ್ಟ. ಕಾಗದದಲ್ಲಿ ಬರಿಯ ಬಣ್ಣದ ಕಲೆಗಳು ಮಧು, ಮುಖ ಮೂಡಿರಲಿಲ್ಲ. ಮೂವತ್ತೆರಡು ವರ್ಷ ಕಣ್ಣ ಮುಂದಿಲ್ಲದವಳನ್ನು ಕೂದಲೆಳೆಯಷ್ಟೂ ತಪ್ಪದೆ ಬರೆದ ಕೈ, ಎದುರಿಗೆ ಕುಳಿತಾಗ ಒಂದು ಮೂಗನ್ನು ಬರೆಯಲಾರದೆ ಹೋಯಿತು. ಆಗ ಅವನು ಅತ್ತ. ಅವಳು ಎದ್ದು ಹೋಗಿ ಬಣ್ಣ ಮೆತ್ತಿದ ಆ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

ನಾಲ್ಕು ದಿನ ಇದ್ದಳು. ಬೆಳಿಗ್ಗೆ ನಮ್ಮ ದೇವರ ಕೋಣೆಯ ಹೊರಗೆ ಕುಳಿತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದಳು, ಒಳಗೆ ನಾನು ನನ್ನ ಪೂಜೆ ಮಾಡಿದೆ. ಅಪ್ಪ ಇದ್ದರೆ ಏನೆನ್ನುತ್ತಿದ್ದನೋ. "ನಂಗ ಇಬ್ಬರು ಅವ್ವಗೋಳು, ಒಬ್ಬಾಕಿನ್ನ ನೋಡಲಿಲ್ಲ" ಎಂದು ಅವ್ವನ ಫೋಟೋದ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಇಂದ್ರಾ ಎಂದು ಕರೆದರೆ ಅವಳು ತಿರುಗುವುದಿಲ್ಲ, ಆದ್ದರಿಂದ ನಾನೂ ಬಸಲಿಂಗವ್ವಾ ಎಂದೇ ಕರೆದೆ. ಮಗ ಹುನಗುಂದದಲ್ಲಿ ನೌಕರಿಯಲ್ಲಿದ್ದಾನೆ, ಮಗ್ಗ ನಿಲ್ಲಿಸಿ ಬಂದಿದ್ದೇನೆಂದು ಹೊರಟಳು. ಅವಳು ಹೋದ ಮರುದಿನ ಖಾಸಿಂಸಾಬ ನನ್ನನ್ನು ಕರೆದು ಗೋಡೆ ತೋರಿಸಿದ. ಸೀರೆ ಇದೆ, ಸೆರಗು ಇದೆ, ಕೈಗಳಿವೆ. ಮುಖದ ಜಾಗ ಮಾತ್ರ ಬರಿಯ ಸುಣ್ಣ. ಯಾರೂ ಮುಟ್ಟಿಲ್ಲವೆಂದು ಅವನು ಆಣೆ ಮಾಡಿದ. ಮನೆಗೆ ಬಂದು ಟ್ರಂಕು ತೆಗೆದೆ. ಮೂವತ್ತೆರಡು ಕಾಗದಗಳಲ್ಲೂ ಆ ಎಲುಬಿನ ಮೂರ್ತಿಯೊಂದೇ ನಿಂತಿದೆ, ಅದರ ಕಾಲ ಬುಡ ಖಾಲಿ. ಅಣ್ಣನಿಗೆ ತೋರಿಸಿದರೆ, "ಅಲ್ಲೆ ಇನ್ನ್ಯಾಕ ಕೂಡ್ತಾಳ?" ಎಂದ. ಈಗ ಅವನು ಎಮ್ಮೆ, ಕೊಡಪಾನ, ನನ್ನ ಹಪ್ಪಳ ಬರೆಯುತ್ತಾನೆ. ನಸುಕಿಗೆ ಏಳುವುದನ್ನು ಬಿಟ್ಟು ಎಂಟು ಗಂಟೆಯವರೆಗೆ ಮಲಗುತ್ತಾನೆ. ಆ ಕಿರಾಣಿ ಬೋರ್ಡನ್ನೂ ಮುಗಿಸಿಕೊಟ್ಟ.

ಇನ್ನೇನು ಬರೆಯಲಿ. ವಿಮಲಾಳಿಗೆ ನನ್ನ ಆಶೀರ್ವಾದ, ಮಕ್ಕಳ ಗಲ್ಲ ಹಿಂಡಿ ಮುತ್ತು ಕೊಡು. ಎಲ್ಲರಿಗೂ ಬನಶಂಕರಿ ತಾಯಿ ಒಳ್ಳೆಯದು ಮಾಡಲಿ.

ಇತಿ ನಿನ್ನ ಹಿತವನ್ನೇ ಬಯಸುವ
ಅಕ್ಕ ಅನಸೂಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊರಡುವ ಹಿಂದಿನ ದಿನ ಅವಳನ್ನು ಮಹಾಕೂಟಕ್ಕೆ ಕರೆದೊಯ್ದಿದ್ದೆ. ಆ ಬಾಗಿಲಲ್ಲಿ ನಿಂತಾಗ ಅವಳಿಗೆ ಒಂದಿಷ್ಟು ನೆನಪಾಯಿತು. ದೊಡ್ಡಣ್ಣ ನೀರು ತರಲು ಹೋಗಿದ್ದನಂತೆ. "ಇಲ್ಲೇ ಕಣ್ಣು ಮುಚ್ಚಿ ಕೂಡು, ನಾ ಅಡಗ್ತೇನಿ, ನಾ ಬರೂತನಕ ಏಳಬ್ಯಾಡ" ಎಂದವನು ಸಣ್ಣಣ್ಣ. ರಾತ್ರಿ ಅಣ್ಣನನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಅಂವಾ ಒಂಬತ್ತ ವರ್ಷದಂವ ಇದ್ದ ಅನಸೂಯಾ. ಅಪ್ಪನ ಕೈ ಭಾಳ ದೊಡ್ಡದಿತ್ತು. ಇದನ್ನೆಲ್ಲಾ ಮಧೂಗ ಬರೀಬ್ಯಾಡ" ಎಂದ. ನಾನು ಬರೆದೆ. ನೀನು ಈ ಊರಿಗೆ ಯಾಕೆ ಬರುವುದಿಲ್ಲ, ನಿನಗೆ ಯಾಕೆ ನಿದ್ದೆ ಹತ್ತುವುದಿಲ್ಲ ಎಂಬುದು ನನಗೆ ಈಗ ತಿಳಿಯಿತು, ನನಗೆ ಏನೂ ಉತ್ತರ ಬರೆಯಬೇಡ. ದೀಪಾವಳಿಗೆ ಅವಳು ಮತ್ತೆ ಬರುತ್ತಾಳೆ. ಅವಳ ಮನಸ್ಸಿನಲ್ಲಿ ಸಿಟ್ಟಿಲ್ಲ, ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ್ದು ಒಂದೇ ಮಾತು: "ಅಕ್ಕಾ, ಸಣ್ಣಣ್ಣ ಇನ್ನೂ ಬರಲಿಲ್ಲೇನ?" ನಾನು 'ಬರ್ತಾನ' ಎಂದುಬಿಟ್ಟಿದ್ದೇನೆ.