ಬಿಟ್ಟುಹೋದ ಒಂದು ಸಹಿ, ನೆಲ ಹಿಡಿದ ಒಂದು ವಿಮಾನ

ವಿಮಾನ ತರಬೇತಿಯ ಕಡತಗಳನ್ನು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ಕಳೆದ ಸೆಪ್ಟೆಂಬರಿನಿಂದ ತಾವು ನನ್ನನ್ನೂ ನನ್ನ ಗುರುವನ್ನೂ ನೆಲಕ್ಕೆ ಕಟ್ಟಿಹಾಕಿದ್ದೀರಿ. ತಪ್ಪಿತಸ್ಥರೆಂದೂ ಹೇಳಿಲ್ಲ, ನಿರ್ದೋಷಿಗಳೆಂದೂ ಹೇಳಿಲ್ಲ. ಬರೆದ ಪತ್ರಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಲಕೋಟೆಯೊಳಗೆ ಬೇಡಿಕೊಂಡು ಫಲವಿಲ್ಲವೆಂದು ಈಗ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ.

ನಾನು ಅಲಾಸ್ಕಾದ ಕರಾವಳಿಯ ಒಂದು ಹಳ್ಳಿಯಲ್ಲಿ ಆರೋಗ್ಯ ಸಹಾಯಕಿ. ಭೂಪಟದಲ್ಲಿ ನಮ್ಮೂರಿಗೆ ರಸ್ತೆ ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ, ಇಲ್ಲ. ಸಮುದ್ರ ಒಪ್ಪಿದರೆ ದೋಣಿ, ಮೋಡ ಒಪ್ಪಿದರೆ ವಿಮಾನ. ವೈದ್ಯರಿರುವುದು ಜಲಸಂಧಿಯ ಆಚೆಯ ಪಟ್ಟಣದಲ್ಲಿ. ಗಾಯಕ್ಕೆ ಕಟ್ಟು ಹಾಕಿ, ರೋಗಿಯ ಪಕ್ಕ ಕೂತು ಆಕಾಶ ನೋಡುವುದೇ ನನ್ನ ಅರ್ಧ ಉದ್ಯೋಗ. ನೋಡಿ ನೋಡಿ ಸಾಕಾಗಿ, ಹಾರುವುದನ್ನೇ ಕಲಿಯಲು ಹೊರಟೆ. ಕಲಿಸಿದವರು ವೆಂಡೆಲ್ ಟೋರ್ಸನ್. ಊರಿನ ಏಕೈಕ ವಿಮಾನ ಅವರದು, ಏಕೈಕ ಶಿಕ್ಷಕರೂ ಅವರೇ. ನಾನು ದಡಬಡನೆ ಇಳಿಸಿದಾಗಲೆಲ್ಲ, “ಮಾವ್ರಾ, ನೆಲ ಎಲ್ಲಿಗೂ ಓಡಿಹೋಗಲ್ಲ ಕಣೆ, ಮೆತ್ತಗೆ ಮುಟ್ಟು” ಎನ್ನುತ್ತಿದ್ದರು.

ಆ ದಿನ ನಾನು ಒಬ್ಬಳೇ ಪಟ್ಟಣಕ್ಕೆ ಹಾರಿ ಮರಳಬೇಕಿತ್ತು. ಅಂಥ ಹಾರಾಟಕ್ಕೆ ಮುನ್ನ ಶಿಕ್ಷಕರು ದಾರಿ, ಹವಾಮಾನ, ಇಂಧನ ಎಲ್ಲ ನೋಡಿ ಕಲಿಯುವವಳ ಹಾರಾಟ ದಾಖಲೆಯ ಪುಸ್ತಕದಲ್ಲಿ ಸಹಿ ಹಾಕಬೇಕು. ವೆಂಡೆಲ್ ಎಲ್ಲವನ್ನೂ ಕೂಲಂಕಷವಾಗಿ ನೋಡಿ ಒಪ್ಪಿಗೆಯ ವಾಕ್ಯ ಬರೆದರು. ಅಷ್ಟರಲ್ಲಿ ಅವರ ನಾಯಿ ನನ್ನ ಬುತ್ತಿಯ ಒಣಮೀನು ಕಚ್ಚಿಕೊಂಡು ಓಡಿತು. ಅದನ್ನು ಅಟ್ಟಿಸಿಕೊಂಡು ಹೋಗಿ, ನಕ್ಕು, ಹಿಂದಿರುಗಿ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಸಹಿ ಬಿಟ್ಟುಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಪಟ್ಟಣದಲ್ಲಿ ಇಳಿಯುತ್ತಲೇ ತಮ್ಮ ತಪಾಸಣಾಧಿಕಾರಿ ಪುಸ್ತಕ ತೆರೆಸಿದರು.

“ಸಹಿ ಎಲ್ಲಮ್ಮ?”

“ಬರೆದಿರೋದೆಲ್ಲ ಅವರದೇ ಅಕ್ಷರ ಸರ್. ಬೇಕಾದ್ರೆ ಫೋನ್ ಮಾಡಿ ಕೇಳಿ.”

“ಫೋನಲ್ಲಿ ಸಹಿ ಬರಲ್ಲ. ಅವರನ್ನೇ ಕರೆಸ್ಕೊಳ್ಳಿ. ಅಲ್ಲೀವರೆಗೂ ಇದನ್ನ ಮೇಲಕ್ಕೆತ್ತೋ ಹಾಗಿಲ್ಲ.”

ಕರೆಸುವುದು ಹೇಗೆ ಮಾನ್ಯರೇ? ಅವರು ಬರಬೇಕಾದ ವಿಮಾನ ನನ್ನ ಬೆನ್ನ ಹಿಂದೆಯೇ ನಿಂತಿತ್ತಲ್ಲ! ಹಾರುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಊರಿನಲ್ಲಿ ಚಿಕಿತ್ಸಾಲಯಕ್ಕೆ ಬೀಗ, ಇಲ್ಲಿ ಬೆಂಚಿನ ಮೇಲೆ ನಾನು. ಮರುದಿನ ಮೀನುಗಾರ ಅರ್ಸೆಂಟಿಯ ದೋಣಿಯಲ್ಲಿ ವೆಂಡೆಲ್ ಬಂದರು, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು.

“ಪೆನ್ನು ಕೊಡೆ. ಈ ವಯಸ್ಸಲ್ಲಿ ಒಂದು ಗೀಟು ಎಳೆಯೋಕೆ ಸಮುದ್ರ ದಾಟಿಸಿದ್ರಲ್ಲ!”

“ಎರಡು ಎಳೆದುಬಿಡಿ ಮಾಮ,” ಅಂದ ಅರ್ಸೆಂಟಿ. “ಇನ್ನೊಂದು ಸಲ ನಿಮ್ಮ ವಾಂತಿ ತೊಳೆಯೋಕೆ ನನ್ನ ಕೈಲಾಗಲ್ಲ.”

ನಕ್ಕೆವು. ವೆಂಡೆಲ್ ಪಕ್ಕದಲ್ಲಿ ಕೂತು ನನ್ನನ್ನು ಊರಿಗೆ ಕರೆತಂದರು. ಮುಗಿಯಿತೆಂದುಕೊಂಡೆವು. ಅದಾಗಿ ಕೆಲವೇ ದಿನಗಳಲ್ಲಿ ತಮ್ಮ ಆದೇಶ ಬಂತು: ತೀರ್ಮಾನವಾಗುವವರೆಗೆ ಇಬ್ಬರೂ ವಿಮಾನ ಮುಟ್ಟಕೂಡದು.

ನಿಯಮ ತಪ್ಪೆಂದು ನಾನು ವಾದಿಸುತ್ತಿಲ್ಲ. ಒಬ್ಬರು ಕಣ್ಣಿಟ್ಟು ನೋಡಿದ್ದಾರೆ ಎಂಬುದಕ್ಕೆ ಸಹಿ ಸಾಕ್ಷಿ. ಅದಿಲ್ಲದೆ ಹಾರಿದ್ದಕ್ಕೆ ದಂಡನೆ ಕೊಡಿ, ತಲೆಬಾಗುತ್ತೇನೆ. ಆದರೆ ದಂಡನೆಯೂ ಸಿಗುತ್ತಿಲ್ಲವಲ್ಲ! ನನ್ನ ಕಡತ ಮುಚ್ಚದೆ ಬೇರೆ ಶಿಕ್ಷಕರು ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಗುರುಗಳ ವಿಚಾರಣೆ ಮುಗಿಯದೆ ನನ್ನ ಕಡತ ಮುಚ್ಚುವುದಿಲ್ಲ. ನನ್ನ ಹೇಳಿಕೆ ಸಿಗದೆ ಅವರ ವಿಚಾರಣೆ ಮುಗಿಯುವುದಿಲ್ಲ. ಹೇಳಿಕೆ ಕಳಿಸಿದ್ದೇನೆ, ಅದು ತಲುಪಿದೆಯಂತೆ, ಕಡತಕ್ಕೆ ಇನ್ನೂ ಸೇರಿಲ್ಲವಂತೆ. ವೆಂಡೆಲ್ ಮರೆತರೆ ಅಪರಾಧ, ತಾವು ಮರೆತರೆ ಪರಿಶೀಲನೆಯೇ?

ಫೆಬ್ರವರಿಯಲ್ಲಿ ಅರ್ಸೆಂಟಿಯ ಕೈ ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿಕೊಂಡಿತು. ಜಲಸಂಧಿಯಲ್ಲಿ ಅಲೆ ಎದ್ದು ದೋಣಿ ದಾಟುವಂತಿರಲಿಲ್ಲ, ಆದರೆ ಆಕಾಶ ನಿಚ್ಚಳವಾಗಿತ್ತು. ತುರ್ತು ವಿಮಾನ ಬೇರೆಲ್ಲೋ ಒಂದು ಹೆರಿಗೆಗೆ ಹೋಗಿತ್ತು. ನಮ್ಮ ವಿಮಾನ ಚಿಕಿತ್ಸಾಲಯದ ಕಿಟಕಿಯಿಂದಲೇ ಕಾಣುತ್ತಿತ್ತು. ವೆಂಡೆಲ್ ಓಡಿ ಬಂದರು.

“ಎತ್ತೇ ಇವನನ್ನ. ನಾನು ಹಾರಿಸ್ತೀನಿ. ಜೈಲಿಗೆ ಹಾಕಿದ್ರೆ ಹಾಕಲಿ.”

ಅರ್ಸೆಂಟಿ ಹಲ್ಲು ಕಚ್ಚಿಕೊಂಡೇ ತಲೆಯಾಡಿಸಿದ. “ಬೇಡ ಮಾಮ. ಇವತ್ತು ಹಾರಿದ್ರೆ ಆಮೇಲೆ ಯಾವತ್ತೂ ಹಾರೋಕೆ ಬಿಡಲ್ಲ. ಊರಿಗೆ ನೀವು ಬೇಕು.”

ಮರುದಿನ ಬೆಳಿಗ್ಗೆ ತುರ್ತು ವಿಮಾನ ಬಂತು. ಮೂರು ಬೆರಳು ಹೋದವು. ಮೊದಲೇ ತಂದಿದ್ದರೆ ಉಳಿಯುತ್ತಿದ್ದವೇನೋ ಎಂದರು ವೈದ್ಯರು. ಆ ‘ಏನೋ’ ನನ್ನ ನಿದ್ದೆ ಕೆಡಿಸಿದೆ. ತಮಗೆ ನಿದ್ದೆ ಚೆನ್ನಾಗಿ ಬರುತ್ತಿದೆಯೇ?

ವೆಂಡೆಲ್ ಈಗ ವಿಮಾನದ ಕಡೆಗೇ ಹೋಗುವುದಿಲ್ಲ. ಹಿಮ ಕೊಡವಲು ನಾನೇ ಹೋಗುತ್ತೇನೆ. ರೆಕ್ಕೆ ಒರೆಸಲು ತಮ್ಮ ಅಪ್ಪಣೆ ಬೇಕಿದ್ದರೆ ತಿಳಿಸಿ.

ಕರುಣೆ ಬೇಡ, ತೀರ್ಮಾನ ಕೊಡಿ. ನನ್ನ ಹೇಳಿಕೆಯನ್ನು ಕಡತಕ್ಕೆ ಸೇರಿಸಿ, ಓದಿ, ಮಂಜು ಕರಗುವ ಮುನ್ನ ಉತ್ತರಿಸಿ. ಹಾರಬಹುದು ಎಂದು ಬರೆಯಿರಿ, ಇಲ್ಲವೇ ಇನ್ನೆಂದೂ ಹಾರಕೂಡದು ಎಂದು ಬರೆಯಿರಿ. ಏನೇ ಬರೆದರೂ, ದಯವಿಟ್ಟು ಕೆಳಗೆ ಸಹಿ ಮಾಡಿ.

ಇಂತಿ,
ತಮ್ಮ ಪರಿಶೀಲನೆಯಲ್ಲೇ ಮುದುಕಿಯಾಗುತ್ತಿರುವ,
ಮಾವ್ರಾ ಕಾಲ್ಮಕಾಫ್