ಕನ್ಯೆ ನೋಡಲು ಅಮ್ಮಿನಬಾವಿಗೆ

ಗೋಪನಕೊಪ್ಪ, ಹುಬ್ಬಳ್ಳಿ
೧೪ ಜುಲೈ ೨೦೦೩

ಐಶ್ವರ್ಯಾಳ ಅಪ್ಪನವರಿಗೆ ಗೌರಕ್ಕನ ನಮಸ್ಕಾರ.

ನಾವಿಬ್ಬರೂ ಕ್ಷೇಮ. ಗದಗಿನಲ್ಲಿ ನಿಮ್ಮ ಸಿಟ್ಟೂ ಕ್ಷೇಮವಾಗಿದೆ ಎಂದು ಪತ್ರದಿಂದ ತಿಳಿಯಿತು. ಮೂರು ವರ್ಷ ಬೇರೆ ಇದ್ದರೂ ಅದೊಂದು ಬದಲಾಗಿಲ್ಲ.

ಮಗಳು ಮರ್ಯಾದೆ ಕಳೆದಳು, ಮೆಡಿಕಲ್ ಕಾಲೇಜಿನ 'ಹಳ್ಳಿ ವೈದ್ಯ ಬಳಗ'ದಿಂದ ಅವಳ ಹೆಸರು ತೆಗೆಸು, ಇಲ್ಲವಾದರೆ ನಾನೇ ಬಂದು ಪ್ರಿನ್ಸಿಪಾಲರಿಗೆ ಹೇಳುತ್ತೇನೆ ಎಂದಿದ್ದೀರಿ. ನಡೆದದ್ದನ್ನು ನೀವು ಬೀಗರಾಗಬೇಕಿದ್ದವರ ಬಾಯಿಂದ ಕೇಳಿದ್ದಾಯಿತು. ಈಗ ನನ್ನ ಕೈಬರಹದಲ್ಲಿ ಓದಿರಿ.

ಆ ಭಾನುವಾರ ಕನ್ಯೆ ನೋಡಲು ಚನ್ನಬಸವ್ವನವರು ಡಾಕ್ಟರ್ ಮಗನ ಜೊತೆ ಕಾರಿನಲ್ಲಿ ಬಂದರು. ಕನ್ಯೆ ಮನೆಯಲ್ಲಿರಲಿಲ್ಲ. ಬಳಗದವರೊಂದಿಗೆ ಅಮ್ಮಿನಬಾವಿ ಹಳ್ಳಿಗೆ ಆರೋಗ್ಯ ತಪಾಸಣೆಗೆ ಹೋಗಿದ್ದಳು. ಇತ್ತ ಉಪ್ಪಿಟ್ಟು ಆರುತ್ತಿತ್ತು, ಅತ್ತ ಅವರ ದನಿ ಏರುತ್ತಿತ್ತು. "ಹುಡುಗಿ ಎಲ್ಲಿ ಅದಾಳ್ರಿ?" ಎಂದರು. "ಇದ್ದಲ್ಲೇ ಹೋಗಿ ನೋಡೂಣು, ನಡೀರಿ" ಎಂದು ಅವರದೇ ಕಾರು ಹತ್ತಿದೆ.

ಅಲ್ಲಿ ಶಾಲೆಯ ಪಡಸಾಲೆಯಲ್ಲಿ ಹೆಂಗಸರ ಸಾಲು. ನಾನು ಕಂಬದ ಮರೆಗೆ ನಿಂತೆ. ಚನ್ನಬಸವ್ವನವರು ಮುಂದೆ ನುಗ್ಗಿದರು. ಐಶ್ವರ್ಯಾ ತಲೆ ಎತ್ತದೆ, "ಪಾಳಿ ಐತ್ರಿ ಯವ್ವಾ, ಹಿಂದ ಕುಂದರ್ರಿ" ಎಂದಳು. ಕೂತರು! ಪಾಳಿ ಬಂದಾಗ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. "ಇಷ್ಟ ಏರೂತನಕ ಮನ್ಯಾಗ ಯಾರೂ ನೋಡೇ ಇಲ್ಲೇನ್ರಿ?" ಹಿಂದೆಯೇ ನಿಂತಿದ್ದ ಡಾಕ್ಟರ್ ಮಗ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

ಸಂಬಂಧ ಮುರಿದದ್ದು ಅಲ್ಲೇ. ಮರ್ಯಾದೆ ಹೋದದ್ದು ಯಾರದೆಂದು ನೀವೇ ಹೇಳಿರಿ. ಮದುವೆಯಾಗಿದ್ದರೆ ಅವರ ನರ್ಸಿಂಗ್ ಹೋಮಿನ ಬೋರ್ಡಿನಲ್ಲಿ ಗಂಡನ ಹೆಸರಿನ ಕೆಳಗೆ ಇವಳದು ಸಣ್ಣಕ್ಷರದಲ್ಲಿ ಬರುತ್ತಿತ್ತು, ಅಷ್ಟೆ.

ಬಳಗದವರು ಗೋಡೆಗೆ ಬರೆಯಲು ಎರಡು ಸಾಲು ಕೇಳಿದ್ದರು. ನನ್ನ ಕನ್ನಡ ಬಿ.ಎ. ಸುಮ್ಮನೆ ಕೂತೀತೇ?

ಪೇಟ್ಯಾಗ ಸಾಲು ಸಾಲು ದವಾಖಾನಿ,
ಹಳ್ಳಿಗೂ ಬರಲಿ ಒಬ್ಬಾಕಿ ಜಾಣಿ.

ಪ್ರಾಸ ನನ್ನದು. ಜಾಣಿಯೂ ನನ್ನವಳೇ. ಬರುವ ವರ್ಷ ಅವಳು ಅದೇ ಅಮ್ಮಿನಬಾವಿಯ ಸರ್ಕಾರಿ ದವಾಖಾನೆಯಲ್ಲಿರುತ್ತಾಳೆ. ಒಪ್ಪಿಗೆ ಪತ್ರಕ್ಕೆ ಪಾಲಕರ ಸಹಿ ಬೇಕಿತ್ತು, ಹಾಕಿದ್ದೇನೆ. ಪ್ರಿನ್ಸಿಪಾಲರ ಹತ್ತಿರ ಅಗತ್ಯವಾಗಿ ಬನ್ನಿ. ಪಕ್ಕದ ಕುರ್ಚಿಯಲ್ಲಿ ನಾನೂ ಕೂತಿರುತ್ತೇನೆ.

ಇಂತು, ನಿಮ್ಮ ಮಗಳ ಅವ್ವ,
ಗೌರಕ್ಕ

ತಾ.ಕ.: ಮಗಳ ಮೇಲೆ ಸಿಟ್ಟಾಗಬೇಡಿ. "ಅಪ್ಪಗ ಬ್ಯಾಸರ ಆಗತೈತಿ, ಈ ಸಲ ತಪಾಸಣೆಗೆ ಹೋಗೂದಿಲ್ಲವ್ವಾ" ಎಂದು ಅವಳು ಆ ಭಾನುವಾರ ಬೆಳಿಗ್ಗೆ ಐದಕ್ಕೇ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಕನ್ಯೆ ನೋಡುವವರು ಮುಂದಿನ ವಾರ ಬರುತ್ತಾರಂತೆ ಎಂದು ಸುಳ್ಳು ಹೇಳಿ, ಬೇರೆ ಸೀರೆ ಉಡಿಸಿ, ಮೊದಲ ಬಸ್ಸು ಹತ್ತಿಸಿದವಳು ನಾನು.